ನಡುಸಾಲಿನ ಕುರ್ಚಿಗಳಿಗೆ ಕೇಳಿಸದ ದನಿ

ಡಿಪ್ಲೊಮಾ ಮುಗಿಸಿದ ಇಬ್ಬರು ತರುಣರು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಹಾಸನದಲ್ಲಿ ಸ್ಪೀಕರ್ ಪೆಟ್ಟಿಗೆ ತಯಾರಿಸುವ ಅಂಗಡಿ ಇಡುತ್ತಾರಂತೆ. ಅದೇ ಕೆಲಸದಲ್ಲಿ ಕೂದಲು ಬೆಳ್ಳಗಾದ ನನ್ನಿಂದ ನಾಲ್ಕು ಮಾತು ಕೇಳಬೇಕಂತೆ. ಅವರಲ್ಲೊಬ್ಬ ತನ್ನ ಫೋನನ್ನು ನನ್ನ ಮುಂದೆ ಚಾಚಿ, "ಸರ್, ಸ್ಪೀಕರಿನ ಫೇಸ್ ಸರಿಯಾಗಿದೆಯೋ ಇಲ್ವೋ ಇದೇ ಹೇಳ್ಬಿಡುತ್ತೆ" ಎಂದ. "ಹಾಗಾದ್ರೆ ಅದನ್ನೇ ಕೇಳಿ, ನನ್ನನ್ಯಾಕೆ ಕೇಳ್ತೀರಿ?" ಎಂದೆ. ಕಾಫಿ ಕುಡಿದು ಎದ್ದುಹೋದರು. ಒಳ್ಳೆಯ ಹುಡುಗರು. ನನ್ನದು ಮೊದಲಿನಿಂದಲೂ ಹಾಳು ನಾಲಿಗೆ. ಆಮೇಲೆ ಬೇಸರವಾಗಿ, ಅವರಿಗೆ ಹೇಳಬೇಕಾಗಿದ್ದನ್ನು ಬರೆಯೋಣವೆಂದು ಕುಳಿತಿದ್ದೇನೆ.

ಒಂದು ಎಚ್ಚರಿಕೆ ಮೊದಲೇ ಕೊಡುತ್ತೇನೆ. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ. ಅನುಮಾನ ಬಂದಲ್ಲೆಲ್ಲ ಜವರೇಗೌಡನಿಗೆ ಫೋನ್ ಮಾಡಿ ಕೇಳಿದ್ದೇನೆ. ಅವನು ಅಂಗಡಿಯಲ್ಲಿ ನನ್ನ ಜೊತೆ ಕಾಯಿಲ್ ಸುತ್ತುತ್ತಿದ್ದವನು, ಈಗ ಅರಕಲಗೂಡಿನ ಹತ್ತಿರ ತನ್ನ ಊರಿನಲ್ಲಿ ಆಲೂಗೆಡ್ಡೆ ಬೆಳೆಯುತ್ತಾನೆ. ನಾನು ಹೇಳಿದ್ದರಲ್ಲಿ ಅರ್ಧವನ್ನು ಅವನು ಒಪ್ಪಲಿಲ್ಲ. ಉಳಿದರ್ಧವನ್ನು ನನಗೆ ಬೇಜಾರಾಗದಿರಲಿ ಎಂದು ಒಪ್ಪಿದನೆಂದು ಕಾಣುತ್ತದೆ.

ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಾಸನದ ಒಂದು ಓಣಿಯಲ್ಲಿದ್ದ ರಂಗಪ್ಪನವರ ಸ್ಪೀಕರ್ ರಿಪೇರಿ ಅಂಗಡಿಗೆ ಸೇರಿದೆ. ಆರು ತಿಂಗಳ ಮಟ್ಟಿಗೆ ಎಂದು ಸೇರಿದ್ದು. ಮೊದಲ ದಿನ ರಂಗಪ್ಪನವರು ಒಂದು ಸತ್ತ ಸ್ಪೀಕರನ್ನು ನನ್ನ ಮುಂದಿಟ್ಟು, "ಏನಯ್ಯಾ ಎಮ್ಮೆಸ್ಸಿ, ಇದಕ್ಕೇನಾಗೈತೆ ಹೇಳು" ಎಂದರು. ನಾನು ಮಲ್ಟಿಮೀಟರ್ ಕೇಳಿದೆ, ಸರ್ಕ್ಯೂಟ್ ಬರೆಯಲು ಒಂದು ಹಾಳೆಯನ್ನೂ ಕೇಳಿದೆ. ಅಷ್ಟರಲ್ಲಿ ಮೂಲೆಯಲ್ಲಿದ್ದ ಜವರೇಗೌಡ ಬಂದು, ಸ್ಪೀಕರನ್ನು ಎತ್ತಿ, ಹಲಸಿನ ಹಣ್ಣನ್ನು ಮೂಸುವಂತೆ ಮೂಸಿದ. "ಸುಟ್ಟೋಗದೆ" ಎಂದು ಕೆಳಗಿಟ್ಟು ಹೋದ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕಲಿತವನಿಗೆ ಮೂಸುವುದನ್ನು ಯಾರೂ ಕಲಿಸಿರಲಿಲ್ಲ.

ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಪೀಕರಿನ ಹೊಟ್ಟೆಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದರ ಸಂದಿಯಲ್ಲಿ ತೆಳು ತಾಮ್ರದ ತಂತಿ ಸುತ್ತಿದ ಕೊಳವೆ, ಅದೇ ಕಾಯಿಲ್. ಕಾಯಿಲಿಗೆ ಅಂಟಿಕೊಂಡ ಕಾಗದದ ದೊನ್ನೆಯೇ ಕೋನ್. ವಿದ್ಯುತ್ತು ಹರಿದಾಗ ಕಾಯಿಲ್ ಮುಂದಕ್ಕೋ ಹಿಂದಕ್ಕೋ ಜಗ್ಗುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ದನಿಯೆಂದರೆ ಇಷ್ಟೇ ತಳ್ಳಾಟ. ಹಾಡುವವರ ಬಾಯಿಂದ ಗಾಳಿ ಯಾವ ಹೊತ್ತಿಗೆ ಯಾವ ಕಡೆಗೆ ಹೊರಟಿತೋ ಅದೇ ಹೊತ್ತಿಗೆ ಅದೇ ಕಡೆಗೆ ಕೋನೂ ಹೊರಡಬೇಕು. ಹಾಗೆ ಹೊರಟರೆ ಫೇಸ್ ಸರಿಯಿದೆ ಎನ್ನುತ್ತೇವೆ, ದನಿ ಸಹಜವಾಗಿದೆ ಎಂದು ಕಿವಿಯೂ ಒಪ್ಪುತ್ತದೆ. ಎರಡು ಸ್ಪೀಕರುಗಳಿದ್ದು ಒಂದು ತಳ್ಳುವಾಗ ಇನ್ನೊಂದು ಎಳೆದರೆ ಏನಾಗುತ್ತದೆ ಎಂದು ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಲೆಗಳನ್ನು ಬರೆದು ಅಂಗಡಿಯವರಿಗೆ ವಿವರಿಸಿದ್ದೆ. ಜವರೇಗೌಡ ಪೂರ್ತಿ ಕೇಳಿ, "ಇಷ್ಟೇನಾ ಸಾ? ಎದ್ರುಬದ್ರು ಕುಂತು ರಾಗಿ ಬೀಸೋರು ಒಬ್ರು ಅತ್ಲಾಗೆ ಒಬ್ರು ಇತ್ಲಾಗೆ ಎಳುದ್ರೆ ಕಲ್ಲು ತಿರುಗ್ತದಾ? ಇದಕ್ಯಾಕೆ ಗ್ವಾಡೆ ಆಳು ಮಾಡುದ್ರಿ?" ಎಂದ. ಆ ಗೋಡೆಯನ್ನು ಮತ್ತೆ ಬಳಸಲಿಲ್ಲ.

ಚನ್ನರಾಯಪಟ್ಟಣದ ಕಲ್ಯಾಣ ಮಂಟಪದ ಸಂಗತಿಯನ್ನು ಹೊಸಬರು ಮುಖ್ಯವಾಗಿ ತಿಳಿಯಬೇಕು. ಅದರ ಮಾಲೀಕರು ಅಂಗಡಿಗೆ ಬಂದು, "ಸೌಂಡು ಅಂದ್ರೆ ಹೊಟ್ಟೆ ನಡುಗ್ಬೇಕು ರಂಗಪ್ಪ. ಕಿವಿಗೆ ಮಾತ್ರ ಕೇಳೋದಾದ್ರೆ ನಾನು ಯಾಕೆ ದುಡ್ಡು ಕೊಡ್ಲಿ?" ಎಂದರು. ರಂಗಪ್ಪನವರು ಹಳೆಯ ಕೋನಿನ ಮೇಲೆ ಇನ್ನೊಂದು ಪದರ ದಪ್ಪ ಕಾಗದ ಅಂಟಿಸಲು ಹೇಳಿದರು. ಸುತ್ತಲೂ ಅಂಟನ್ನು ಹಪ್ಪಳದ ಹಿಟ್ಟಿನಂತೆ ಮೆತ್ತಿಸಿದರು. ಕೋನ್ ಭಾರವಾದರೆ ಕಾಯಿಲ್ ತಳ್ಳಿದಾಗ ತಡವಾಗಿ ಹೊರಡುತ್ತದೆ, ನಿಲ್ಲು ಎಂದಾಗ ನಿಲ್ಲುವುದಿಲ್ಲ. ಸರ್ಕಾರಿ ಕಚೇರಿಯ ಕಡತದ ಹಾಗೆ. ದಪ್ಪ ದನಿ ಹಿಂದೆ ಬೀಳುತ್ತದೆ, ಮಾತಿನ ಅಂಚು ಸವೆದುಹೋಗುತ್ತದೆ. ಇದನ್ನೆಲ್ಲ ನಾನು ಹೇಳಿದೆ. "ನೀನು ಅಂಟು ಕಲಸು" ಎಂದರು.

ಮುಂದಿನ ಮದುವೆಯಲ್ಲಿ ಮಂತ್ರ ಹೇಳುವವರು ಹಂಡೆಯೊಳಗೆ ಕುಳಿತು ಹೇಳಿದಂತಿತ್ತು. ಊಟಕ್ಕೆ ಯಾರು ಮೊದಲು ಏಳಬೇಕೆಂದು ಮೈಕಿನಲ್ಲಿ ಹೇಳಿದ್ದು ಯಾರಿಗೂ ಅರ್ಥವಾಗದೆ, ಇಡೀ ಮಂಟಪ ಒಟ್ಟಿಗೆ ಎದ್ದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಗಂಡಿನ ಸೋದರಮಾವ ಅಲ್ಲೇ ಜಗಳ ತೆಗೆದ. ಮಾರನೆಯ ದಿನ ಮಂಟಪದ ಮಾಲೀಕರು ಬಂದಾಗ ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ರಂಗಪ್ಪನವರ ಕೈ ಹಿಡಿದುಕೊಂಡು, "ನಡುಗ್ತು ಕಣ್ರೀ! ಹೊಟ್ಟೆ ನಡುಗ್ತು!" ಎಂದರು. ರಂಗಪ್ಪನವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಅರಕಲಗೂಡಿನ ಕಾಲೇಜಿನ ಸಭಾಂಗಣಕ್ಕೆ ಪೆಟ್ಟಿಗೆಗಳನ್ನು ಮಾಡಿಕೊಟ್ಟದ್ದು ಅದಾದ ಮೇಲೆ. ಕೆಳಗೆ ದೊಡ್ಡ ಕೋನ್, ಮೇಲೆ ಕಹಳೆಯಂಥ ಹಾರ್ನ್. ಹಾರ್ನಿನ ಬಾಯಿ ಪೆಟ್ಟಿಗೆಯ ಮುಖಕ್ಕೆ ಸಮನಾಗಿ ಕೂತರೆ ನೋಡಲು ಅಂದ. ಆದರೆ ಅದರ ದನಿ ಹುಟ್ಟುವುದು ಹಿಂದೆ, ಕಹಳೆಯ ಬುಡದಲ್ಲಿ. ಕೆಳಗಿನ ಕೋನಿನ ದನಿಗಿಂತ ಅದು ಒಂದು ಗೇಣು ಹಿಂದಿನಿಂದ ಹೊರಟು ತಡವಾಗಿ ತಲುಪುತ್ತದೆ. ಆಡಿದ ಮಾತಿನಲ್ಲಿ 'ಸ'ಕಾರ ಒಂದು ಕಡೆ, ಉಳಿದ ಶಬ್ದ ಒಂದು ಕಡೆ ಬಿದ್ದಂತೆ ಕೇಳುತ್ತದೆ. ಆದ್ದರಿಂದ ನಾನು ಹಾರ್ನನ್ನು ಒಂದು ಗೇಣು ಮುಂದಕ್ಕೆ ಚಾಚಿ ಕೂರಿಸಿದೆ. ಅಲ್ಲಿನ ಅಟೆಂಡರ್ ಕೇಳಿ, "ಈಗ ಮೇಷ್ಟ್ರು ಬಾಯಿಂದ್ಲೇ ಮಾತು ಬಂದಂಗೈತೆ ಸಾ" ಎಂದ. ನನ್ನ ವೃತ್ತಿಜೀವನದಲ್ಲಿ ಸಿಕ್ಕ ಅತ್ಯುತ್ತಮ ಪ್ರಮಾಣಪತ್ರ ಅದು.

ಪ್ರಾಂಶುಪಾಲರು ಬಂದು ನೋಡಿದರು. "ಏನ್ರೀ ಇದು, ಹಂದಿ ಮೂತಿ ಥರ? ಮಿನಿಸ್ಟರ್ ಬರೋ ಹಾಲ್ ಕಣ್ರೀ ಇದು." ಒಂದು ಗಂಟೆಯೊಳಗೆ ಹಾರ್ನ್ ಒಳಕ್ಕೆ ಹೋಯಿತು. ಅದನ್ನು ಒಳಕ್ಕೆ ತಳ್ಳಿದವರು ರಂಗಪ್ಪನವರು, ನಾನು ಪ್ರತಿಭಟಿಸಿ ಹೊರಗೆ ನಿಂತಿದ್ದೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಜವರೇಗೌಡನಿಗೆ ಫೋನಿನಲ್ಲಿ ಹೇಳಿದೆ.

"ರಂಗಪ್ಪೋರು ಅವತ್ತು ಬಂದೇ ಇರ್ಲಿಲ್ವಲ್ಲ ಸಾ."

"ಮತ್ತೆ ಯಾರು ತಳ್ಳಿದ್ದು?"

"ಇನ್ಯಾರು? ಸ್ಕ್ರೂ ಕೊಟ್ಟೋನು ನಾನು, ಬಿಗಿದೋರು ನೀವು. ಪ್ರಿನ್ಸಿಪಾಲ್ರು ಟೀ ತರ್ಸಿದ್ರು, ಮರ್ತ್ರಾ?"

ಟೀ ನನಗೆ ನೆನಪಿದೆ. ಅದೇ ತೊಂದರೆ.

ಈಗ ಹೊಳೆನರಸೀಪುರದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಊರ ಸುತ್ತ ತಿರುಗಿದ್ದು ಅಲ್ಲಿಗೆ ಹೋಗಲು ಮನಸ್ಸಿಲ್ಲದೆ.

ಅಲ್ಲಿಯ ಒಂದು ಭಜನೆ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಕಾವ್ಯವಾಚನ ನಡೆಯುತ್ತಿತ್ತು. ಓದುತ್ತಿದ್ದವರು ಸೀತಾಲಕ್ಷ್ಮಿ ಟೀಚರ್. ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಅವರ ತಂದೆಯೂ ವಾಚನ ಮಾಡುತ್ತಿದ್ದವರು. ತುಂಬಿದ ದನಿ. ಹೆಂಗಸಿನ ದನಿಯಲ್ಲಿ ಎದೆಯಾಳದಿಂದ ಬರುವ ಅಂಥ ಗಟ್ಟಿತನ ಅಪರೂಪ. ಸಂಬಳ ಸಾರಿಗೆ ಏನೂ ಇಲ್ಲ. ಆ ಒಂದು ಗಂಟೆಯೇ ಅವರಿಗೆ ವಾರದ ಆರು ದಿನಕ್ಕೆ ಅರ್ಥ ಕೊಡುತ್ತಿತ್ತು ಎಂದು ಅವರ ತಂಗಿ ಒಮ್ಮೆ ನನಗೆ ಹೇಳಿದ್ದರು.

ಮಂದಿರದಲ್ಲಿ ಎರಡು ಪೆಟ್ಟಿಗೆ ಸ್ಪೀಕರು, ಎಡಕ್ಕೊಂದು ಬಲಕ್ಕೊಂದು. ಎಡಗಡೆ ಚಾಪೆಯ ಮೇಲೆ ಹೆಂಗಸರು, ಬಲಗಡೆ ಚಾಪೆಯ ಮೇಲೆ ಗಂಡಸರು. ನಟ್ಟನಡುವೆ ಫ್ಯಾನಿನ ಕೆಳಗೆ ಎರಡು ಸಾಲು ಕುರ್ಚಿಗಳು. ಅವು ಕಮಿಟಿಯವರಿಗೆ, ದಾನಿಗಳಿಗೆ ಮತ್ತು ತಾಲ್ಲೂಕು ಕಚೇರಿಯಿಂದ ಯಾರಾದರೂ ಬಂದರೆ ಅವರಿಗೆ. ಕಮಿಟಿಯ ಅಧ್ಯಕ್ಷರು ಒಂದು ಅಕ್ಕಿ ಗಿರಣಿಯ ಮಾಲೀಕರು.

ಒಂದು ವರ್ಷ ಆ ಪೆಟ್ಟಿಗೆಗಳ ಸ್ಪೀಕರುಗಳು ಹೊಸ ಕೋನ್ ಹಾಕಿಸಿಕೊಳ್ಳಲು ನಮ್ಮ ಅಂಗಡಿಗೆ ಬಂದವು. ಜವರೇಗೌಡ ಹೊಸ ಕಾಯಿಲ್ ಸುತ್ತಿ ಕೋನ್ ಕೂರಿಸಿದ. ಕಾಯಿಲನ್ನು ಯಾವ ಕಡೆಗೆ ಸುತ್ತಿದೆ, ಯಾವ ತುದಿಯನ್ನು ಎಲ್ಲಿಗೆ ಬೆಸುಗೆ ಹಾಕಿದೆ ಎಂಬುದರ ಮೇಲೆ ಕೋನ್ ತಳ್ಳುತ್ತದೋ ಎಳೆಯುತ್ತದೋ ನಿರ್ಧಾರವಾಗುತ್ತದೆ. ಅದಕ್ಕೆ ಅವನ ಪರೀಕ್ಷೆ ಒಂದೇ: ಟಾರ್ಚಿನ ಸೆಲ್ಲನ್ನು ಸ್ಪೀಕರಿನ ಹಿಂದೆ ತಂತಿ ಬೆಸೆಯುವ ಎರಡು ಕಡ್ಡಿಗಳಿಗೆ ಮುಟ್ಟಿಸುವುದು. ಕೋನ್ ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ಮುಟ್ಟಿದ ಕಡ್ಡಿಯ ಪಕ್ಕ ಹೆಂಡತಿಯ ನೈಲ್ ಪಾಲಿಶಿನಿಂದ ಒಂದು ಕೆಂಪು ಚುಕ್ಕೆ. ಚುಕ್ಕೆ ಇದೆಯೆಂದರೆ ಪರೀಕ್ಷೆಯಾಗಿದೆ, ಇದೇ ಪ್ಲಸ್. ಅಂಗಡಿಯಲ್ಲಿ ಎಲ್ಲರೂ ಆ ಚುಕ್ಕೆಯನ್ನು ನಂಬುತ್ತಿದ್ದರು. ಆ ಎರಡರಲ್ಲಿ ಒಂದಕ್ಕೆ ಚುಕ್ಕೆ ಇಟ್ಟು, ಇನ್ನೊಂದರ ಅಂಟು ಒಣಗಲೆಂದು ಬಿಟ್ಟು, ಅವನು ಹಬ್ಬಕ್ಕೆ ಊರಿಗೆ ಹೋದ.

ಹಬ್ಬ ಆಯುಧಪೂಜೆ. ರಂಗಪ್ಪನವರು ಬೆಸುಗೆ ಕಡ್ಡಿಯಿಂದ ಹಿಡಿದು ಅಂಟಿನ ಡಬ್ಬದವರೆಗೆ ಎಲ್ಲಕ್ಕೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುತ್ತಿದ್ದರು. ಪೂಜೆಗೆ ನನ್ನನ್ನೂ ಕರೆದರು. "ಅಯಸ್ಕಾಂತಕ್ಕೆ ಕುಂಕುಮ ಇಟ್ಟರೆ ಅದರ ಬಲ ಹೆಚ್ಚುತ್ತದೆಯೇ?" ಎಂದು ಕೇಳಿ, ಎಲ್ಲರನ್ನೂ ನಗಿಸಿ, ಮನೆಗೆ ಹೋಗಿ ಮಲಗಿದೆ. ನಿಂತಿದ್ದರೆ ನೋಡುತ್ತಿದ್ದೆ, ಅವರ ಬೆರಳು ಒಣಗಲು ಇಟ್ಟ ಸ್ಪೀಕರಿನ ಕಡ್ಡಿಯ ಪಕ್ಕಕ್ಕೂ ಹೋಗಿದ್ದನ್ನು.

ಎರಡು ದಿನದ ಮೇಲೆ ಪೆಟ್ಟಿಗೆ ಜೋಡಿಸಲು ಕೂತವನು ನಾನು. ಜವರೇಗೌಡ ಊರಿನಿಂದ ಬಂದಿರಲಿಲ್ಲ. ಎರಡು ಸ್ಪೀಕರಿನಲ್ಲೂ ಕೆಂಪು ಚುಕ್ಕೆ ಇತ್ತು. ಕೆಂಪು ಚುಕ್ಕೆಗೆ ಕೆಂಪು ತಂತಿ ಬೆಸೆದು ಮುಚ್ಚಿದೆ. ಸೆಲ್ ಮುಟ್ಟಿಸಿ ನೋಡಲು ಅರ್ಧ ನಿಮಿಷ ಸಾಕಾಗಿತ್ತು. ನೋಡಲಿಲ್ಲ. ದೇವರನ್ನು, ಗುರುಗಳನ್ನು, ಪಠ್ಯಪುಸ್ತಕವನ್ನು ಕೂಡ ಪ್ರಶ್ನಿಸುತ್ತೇನೆಂದು ಎದೆ ಉಬ್ಬಿಸುತ್ತಿದ್ದವನು ಒಂದು ಚುಕ್ಕೆಯನ್ನು ಪ್ರಶ್ನಿಸಲಿಲ್ಲ.

ಅಲ್ಲಿಂದ ಮುಂದಿನ ಶನಿವಾರಗಳಲ್ಲಿ ಟೀಚರ ದನಿ ಕೆಟ್ಟಿದೆ ಎಂಬ ಮಾತು ಹುಟ್ಟಿತು. ಎರಡು ಪೆಟ್ಟಿಗೆಗಳಲ್ಲಿ ಒಂದು ತಳ್ಳುವಾಗ ಇನ್ನೊಂದು ಎಳೆದರೆ, ಎರಡಕ್ಕೂ ಸಮದೂರದಲ್ಲಿ ಕುಳಿತವರ ಕಿವಿಯಲ್ಲಿ ದನಿಯ ಮೈಯೇ ಅಳಿಸಿಹೋಗುತ್ತದೆ, ಸಿಪ್ಪೆ ಮಾತ್ರ ಉಳಿಯುತ್ತದೆ. ಸಮದೂರದಲ್ಲಿದ್ದದ್ದು ಫ್ಯಾನಿನ ಕೆಳಗಿನ ಕುರ್ಚಿಗಳು. ಚಾಪೆಯ ಮೇಲಿನವರಿಗೆ ಹತ್ತಿರದ ಪೆಟ್ಟಿಗೆಯೇ ಜೋರಾಗಿ ಕೇಳುತ್ತದೆ, ಅವರಿಗೆ ಏನೂ ಕೆಟ್ಟಿರಲಿಲ್ಲ. ಅಧ್ಯಕ್ಷರು ಮೈಕಿನಲ್ಲಿ ಮಾತಾಡಿದಾಗಲೂ ಕುರ್ಚಿಯವರಿಗೆ ಹಾಗೇ ಪೊಳ್ಳಾಗಿ ಕೇಳಿರಬೇಕು. ಆದರೆ ಅಧ್ಯಕ್ಷರಿಗೆ ಅದನ್ನು ಯಾರು ಹೇಳುತ್ತಾರೆ? ಅವರಂತೂ ತಮ್ಮ ಮಾತನ್ನು ತಮ್ಮ ಕುರ್ಚಿಯಲ್ಲಿ ಕುಳಿತು ಕೇಳುವಂತಿರಲಿಲ್ಲ.

ಸೆಟ್ ಪರೀಕ್ಷಿಸಲು ನನ್ನನ್ನು ಕರೆಸಿದರು. ನಾನು ಎಡದ ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿದೆ, ಚೆನ್ನಾಗಿತ್ತು. ಬಲದ್ದಕ್ಕೆ ಕಿವಿ ಕೊಟ್ಟೆ, ಅದೂ ಚೆನ್ನಾಗಿತ್ತು. ಮೀಟರಿನ ಮುಳ್ಳು ಎರಡರಲ್ಲೂ ಒಂದೇ ಕಡೆ ನಿಂತಿತು. ನಡುವಿನ ಕುರ್ಚಿಯಲ್ಲಿ ನಾನು ಕೂರಲಿಲ್ಲ. ನನ್ನನ್ನು ಯಾರೂ ಅಲ್ಲಿಗೆ ಕರೆಯಲೂ ಇಲ್ಲ.

ಟೀಚರ್ ಮೈಕಿನ ಮುಂದಿನಿಂದಲೇ ಕೇಳಿದರು. "ಏನಪ್ಪಾ, ನನ್ನ ಗಂಟಲೋ ನಿನ್ನ ಯಂತ್ರವೋ? ಇದ್ದದ್ದು ಇದ್ದ ಹಾಗೆ ಹೇಳು."

"ಯಂತ್ರ ಸರಿಯಾಗಿದೆ ಟೀಚರ್. ವಯಸ್ಸಾದಂತೆ ದನಿಯ ತಳದ ಕಂಪನ ಕಡಿಮೆ ಆಗೋದು ಸಹಜ" ಎಂದೆ. ಕಂಪನ ಎಂಬ ಮಾತನ್ನು ಒತ್ತಿ ಹೇಳಿದೆ.

ಚಾಪೆಯ ಮೇಲಿಂದ ಒಬ್ಬ ಹೆಂಗಸು, "ನಮ್ಗೆ ಮುಂಚಿನಂಗೇ ಕೇಳ್ತದಲ್ಲ, ಏನ್ ಕೆಟ್ಟೋಗದೆ?" ಎಂದಳು.

"ನೀವ್ ಸುಮ್ಕಿರಮ್ಮ. ಎಮ್ಮೆಸ್ಸಿ ಓದಿರೋರು ಹೇಳ್ತಾವ್ರೆ" ಎಂದರು ಅಧ್ಯಕ್ಷರು.

ಆ ಹೆಂಗಸು ಹೇಳಿದ್ದರಲ್ಲೇ ಉತ್ತರ ಇತ್ತು. ಚಾಪೆಗೆ ಸರಿ ಕೇಳುತ್ತದೆ, ಕುರ್ಚಿಗೆ ಕೇಳುವುದಿಲ್ಲ ಎಂದರೆ ಗಂಟಲಿನ ದೋಷ ಹೇಗಾದೀತು? ಪ್ರಥಮ ವರ್ಷದ ವಿದ್ಯಾರ್ಥಿಯೂ ಹೇಳುವ ಮಾತು. ನನಗೆ ಹೊಳೆಯಲಿಲ್ಲ. ಹೊಳೆದೂ ಸುಮ್ಮನಿದ್ದೆನೋ? ಈ ಪ್ರಶ್ನೆಯನ್ನು ನನಗೆ ನಾನೇ ಹಲವು ಸಲ ಕೇಳಿಕೊಂಡಿದ್ದೇನೆ. ಹೊಳೆಯಲಿಲ್ಲ ಎಂದೇ ನೆನಪು. ನನ್ನ ನೆನಪಿನ ಯೋಗ್ಯತೆ ನಿಮಗೀಗ ಗೊತ್ತಿದೆ.

ಟೀಚರ್ ಇನ್ನೆರಡು ಶನಿವಾರ ಓದಿ ನಿಲ್ಲಿಸಿದರು. ಕಮಿಟಿ ಒಂದು ಕ್ಯಾಸೆಟ್ ತಂದು ಹಾಕಿತು. ಅದೂ ಅದೇ ಪೆಟ್ಟಿಗೆಗಳಿಂದ ಪೊಳ್ಳಾಗೇ ಕೇಳಿಸಿತು. "ಕ್ಯಾಸೆಟ್ ಅಂದ್ರೆ ಇಷ್ಟೇ ಅಲ್ವಾ" ಎಂದು ಕುರ್ಚಿಯವರು ಕಣ್ಣು ಮುಚ್ಚಿ ಕೇಳಿದರು.

ಎರಡು ವರ್ಷ ಹತ್ತಿರವಾದ ಮೇಲೆ ಒಂದು ಪೆಟ್ಟಿಗೆಗೆ ಇಲಿ ನುಗ್ಗಿ ಕೋನ್ ಕಡಿದು, ಎರಡೂ ಮತ್ತೆ ಅಂಗಡಿಗೆ ಬಂದವು. ಜವರೇಗೌಡ ಕೆಲಸ ಶುರು ಮಾಡುವ ಮೊದಲು ಅಭ್ಯಾಸದಂತೆ ಸೆಲ್ ಮುಟ್ಟಿಸಿದ. ಬಲದ್ದು ಹೊರಕ್ಕೆ ನೆಗೆಯಿತು. ಎಡದ್ದು ಒಳಕ್ಕೆ. ಅವನು ಮತ್ತೊಮ್ಮೆ ಮುಟ್ಟಿಸಿದ. ಮತ್ತೆ ಒಳಕ್ಕೆ.

"ಸಾ, ಇಲ್ಬನ್ನಿ. ಈ ಚುಕ್ಕೆ ನಾನಿಟ್ಟಿದ್ದಲ್ಲ."

"ನೀನಲ್ಲದೆ ಇನ್ಯಾರು ಇಡ್ತಾರೆ?"

ಅವನು ಬೆರಳನ್ನು ನಾಲಿಗೆಗೆ ತಾಗಿಸಿ ಚುಕ್ಕೆಯನ್ನು ಉಜ್ಜಿದ. ಕೆಂಪು ಬೆರಳಿಗೆ ಬಂತು. ನನ್ನ ಮುಖದ ಮುಂದೆ ಹಿಡಿದ. "ನೈಲ್ ಪಾಲಿಶು ಎಂಜಲಿಗೆ ಕರುಗ್ತದಾ? ಕುಂಕ್ಮ ಕಣ್ ಸಾ ಇದು. ಯಜಮಾನ್ರು ಪೂಜೆ ಮಾಡವ್ರೆ, ನೀವು ಪ್ಲಸ್ಸು ಅಂತ ನಂಬಿ ತಂತಿ ಬೆಸ್ದಿದೀರಾ." ಆಮೇಲೆ ತಡೆಯಲಾರದೆ ನಕ್ಕ. "ನಮ್ಮೆಲ್ರಿಗಿಂತ ಕುಂಕ್ಮದ್ ಮ್ಯಾಲೆ ನಂಬ್ಕೆ ಇಟ್ಟೋರು ನೀವೇ ಬುಡಿ!"

ನಾನು ನಗಲಿಲ್ಲ. ನನಗೆ ಟೀಚರ ಪ್ರಶ್ನೆ ಕೇಳಿಸುತ್ತಿತ್ತು.

ರಂಗಪ್ಪನವರು ವಿಷಯ ತಿಳಿದು ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿದರು. "ಯಾರ್ಗೂ ಹೇಳ್ಬ್ಯಾಡ ಕಣಯ್ಯಾ. ಸರಿ ಮಾಡಿ ಕೊಟ್ಬುಡು. ದನಿ ಸರಿ ಹೋದ್ರೆ ಆಯ್ತಲ್ಲ, ಯಾಕೆ ಸರಿ ಹೋಯ್ತು ಅಂತ ಯಾವನು ಕೇಳ್ತಾನೆ?" ಲೋಕ ತಿಳಿದ ಮನುಷ್ಯ. ಅವರ ಮಾತು ಎಷ್ಟು ನಿಜವೆಂದು ಆಗ ನನಗೆ ತಿಳಿದಿರಲಿಲ್ಲ.

ಅವರಿಗೆ ಹೇಳದೆ ಬಸ್ ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಟೀಚರ್ ಮನೆಯ ಮುಂದೆ ಅಕ್ಕಿ ಆರಿಸುತ್ತಿದ್ದರು. ತಂಗಿ ಒಳಗೆ ಒಗ್ಗರಣೆ ಹಾಕುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಚುಕ್ಕೆ, ತಂತಿ, ತಳ್ಳುವುದು, ಎಳೆಯುವುದು. ಹೇಳುತ್ತಾ ಹೇಳುತ್ತಾ ಪಾಠ ಮಾಡುವವನ ದನಿ ಬಂತು; ತಪ್ಪು ಒಪ್ಪಿಕೊಳ್ಳುವಾಗಲೂ ಬೋಧಿಸುವ ಚಟ ಬಿಡುವುದಿಲ್ಲ. ಅವರು ಮೊರವನ್ನು ಕೆಳಗಿಟ್ಟರು.

"ಹಾಗಾದರೆ ನನ್ನ ಗಂಟಲು?"

"ಏನೂ ಆಗಿರಲಿಲ್ಲ ಟೀಚರ್."

"ಹಾಸನದಲ್ಲಿ ಡಾಕ್ಟರೂ ಅದನ್ನೇ ಹೇಳಿದ್ದರು. ನಾನೇ ನಂಬಲಿಲ್ಲ." ಮೊರದಿಂದ ಒಂದು ಕಲ್ಲನ್ನು ಆರಿಸಿ ಎಸೆದರು. "ಓದುವಾಗ ನನಗೆ ಸರಿಯಾಗೇ ಕೇಳ್ತಿತ್ತು ಕಣಪ್ಪ. ಎಲ್ಲರೂ ಇಲ್ಲ ಅಂತಿದ್ದಾರೆ, ನನಗೆ ಮಾತ್ರ ಸರಿ ಕೇಳ್ತಿದೆ ಅಂದ್ರೆ, ಗಂಟಲ ಜೊತೆ ಕಿವಿಯೂ ಹೋಯ್ತು ಅಂದ್ಕೊಂಡೆ. ಎರಡು ವರ್ಷ ಮನೇಲೂ ಬಾಯಿ ಬಿಡಲಿಲ್ಲ. ದೇವರ ಮುಂದೆ ಕೂಡ ಪಿಸುಗುಟ್ಟಿದ್ದೇನೆ."

ಒಳಗಿನಿಂದ ತಂಗಿ, "ಅಕ್ಕ, ಅವರಿಗೆ ಕಾಫಿ ಕೊಡಲೇನೆ?" ಎಂದರು.

"ಆಮೇಲೆ ಕೊಡು. ಮೊದಲು ಇವರು ಒಂದು ಮಾತು ಒಪ್ಪಿಕೊಳ್ಳಲಿ." ನನ್ನ ಕಡೆ ತಿರುಗಿದರು. "ಇದನ್ನು ನನಗೆ ಹೇಳಿ ಏನು ಪ್ರಯೋಜನ? ಯಂತ್ರ ಸರಿಯಿದೆ ಅಂತ ಎಲ್ಲರೆದುರು ಹೇಳಿದೆ. ಸರಿಯಿರಲಿಲ್ಲ ಅನ್ನೋದನ್ನೂ ಎಲ್ಲರೆದುರೇ ಹೇಳು. ಆ ಮೈಕಿನಲ್ಲೇ, ಆ ಕುರ್ಚಿಗಳಿಗೇ."

ಹೇಳುತ್ತೇನೆಂದು ಒಪ್ಪಿದೆ. ಕಾಫಿ ಬಂತು.

ಆ ಶನಿವಾರ ಜವರೇಗೌಡನೂ ನಾನೂ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋಗಿ ಕೂರಿಸಿದೆವು. ಈ ಸಲ ನಡುವಿನ ಕುರ್ಚಿಯಲ್ಲಿ ಕುಳಿತು ಕೇಳಿದೆ. ಅಧ್ಯಕ್ಷರು ಹುಬ್ಬು ಗಂಟಿಕ್ಕಿದರೂ ನಾನು ಏಳಲಿಲ್ಲ. ಆಮೇಲೆ ಮೈಕಿನ ಮುಂದೆ ನಿಂತೆ. ನನ್ನ ನೆನಪು ಹೀಗೆ ಹೇಳುತ್ತದೆ: "ಎರಡು ವರ್ಷದ ಹಿಂದೆ ಟೀಚರ ದನಿ ಕೆಟ್ಟಿದೆ ಎಂದೆ. ಅದು ಸುಳ್ಳು. ಕೆಟ್ಟಿದ್ದು ನನ್ನ ಕೆಲಸ." ನಾನು ತಲೆ ತಗ್ಗಿಸಿ ಇಳಿದೆ. ಟೀಚರ್ ಬಂದು ಕುಳಿತು ಓದಿದರು. ಮೊದಲ ಪದ್ಯಕ್ಕೇ ನಡುಸಾಲು ನೆಟ್ಟಗೆ ಕುಳಿತಿತು.

ಇದನ್ನು ಬರೆದು ಜವರೇಗೌಡನಿಗೆ ಫೋನಿನಲ್ಲಿ ಓದಿದೆ.

"ಎಲ್ಲಾ ಸರಿ ಸಾ. ಆ ಮೈಕಿನ ಮಾತು ಮಾತ್ರ ನಂಗೆ ಗ್ಯಾನವಿಲ್ಲ."

"ನೀನು ಅಲ್ಲೇ ನಿಂತಿದ್ದೆಯಲ್ಲೋ!"

"ನಿಂತಿದ್ದೆ. ನೀವು ಮೈಕ್ ಮುಂದೆ ಓಗಿ 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಅಂದ್ರಿ. ಎಲ್ಡು ಸತಿ ಕೆಮ್ಮುದ್ರಿ. ಇಳ್ದು ಬಂದ್ಬುಟ್ರಿ. ನಾನು, ಪಾಪ, ಬಾಯಿ ಬರ್ನಿಲ್ಲ ಅಂದ್ಕಂಡೆ."

ಜಗಳವಾಡಿ ಫೋನ್ ಇಟ್ಟೆ. ಆಲೂಗೆಡ್ಡೆ ಬೆಳೆಯುವವನ ನೆನಪನ್ನು ಯಾರು ನಂಬುತ್ತಾರೆ ಎಂದು ಗೊಣಗಿದೆ. ಆದರೆ ಬೀರುವಿನಲ್ಲಿ ಒಂದು ಶಾಲು ಇದೆ. ಆ ಸಂಜೆ ವಾಚನ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ಮುಂದಕ್ಕೆ ಕರೆದು ಹೊದಿಸಿದ್ದು. "ಟೀಚರಮ್ಮನ ದನೀನ ರಿಪೇರಿ ಮಾಡ್ಕೊಟ್ರು ನಮ್ಮ ಎಮ್ಮೆಸ್ಸಿಯೋರು! ಏನ್ ಸೆಟ್ಟು ರೀ! ಹೋದ ದನಿ ವಾಪಸ್ ಬಂತು!" ಎಂದು ಹೇಳಿ ಚಪ್ಪಾಳೆ ತಟ್ಟಿಸಿದ್ದೂ ಚೆನ್ನಾಗಿ ನೆನಪಿದೆ. ಶಾಲನ್ನು ತೆಗೆದು ಮೇಜಿನ ಮೇಲಿಟ್ಟು ನೋಡಿದೆ. ನಾನು ಮೈಕಿನಲ್ಲಿ ತಪ್ಪು ಒಪ್ಪಿಕೊಂಡಿದ್ದರೆ ಇದನ್ನು ಯಾಕೆ ಹೊದಿಸುತ್ತಿದ್ದರು? ಯಾವ ಊರಿನಲ್ಲಿ, ಕೆಡಿಸಿದೆ ಎಂದವನಿಗೆ ಸನ್ಮಾನ ಮಾಡುತ್ತಾರೆ? ಪ್ರಯೋಗಶಾಲೆಯಲ್ಲಿ ಕಲಿತದ್ದು ಒಂದೇ: ಸಾಕ್ಷ್ಯ ಮತ್ತು ಅಭಿಪ್ರಾಯ ಬೇರೆಯಾದರೆ ಅಭಿಪ್ರಾಯವನ್ನು ಬಿಡು.

ಟೀಚರ್ ಅಲ್ಲಿಂದ ಮುಂದೆ ಎಷ್ಟೋ ವರ್ಷ ಪ್ರತಿ ಶನಿವಾರ ಓದಿದರು. ಪ್ರತಿ ಶನಿವಾರವೂ ಯಾರಾದರೊಬ್ಬರು ಅವರ ಬಳಿ ಬಂದು, "ಸೆಟ್ ಬಲು ಚೆನ್ನಾಗಿದೆ ಟೀಚರ್" ಎನ್ನುತ್ತಿದ್ದರಂತೆ. ತಾಲ್ಲೂಕಿನ ಅರ್ಧ ಮಂದಿರಗಳು ನಮ್ಮ ಅಂಗಡಿಯಿಂದಲೇ ಪೆಟ್ಟಿಗೆ ತರಿಸಿದವು.

ಹೋದ ವಾರ ಹೋಗಿ ಅವರನ್ನು ನೋಡಿದೆ. ವಯಸ್ಸು ತೊಂಬತ್ತರ ಹತ್ತಿರ. ಈಗ ದನಿ ನಿಜವಾಗಿಯೂ ಸಣ್ಣಗಾಗಿದೆ, ಅದಕ್ಕೆ ನಾನು ಕಾರಣನಲ್ಲ. ನೇರವಾಗಿ ಕೇಳಿದೆ. "ಟೀಚರ್, ಅವತ್ತು ನಾನು ಮೈಕಿನಲ್ಲಿ ಹೇಳಿದೆನೋ ಇಲ್ಲವೋ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು, ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ.

"ಹೇಳಿದವನಿಗೇ ನೆನಪಿಲ್ಲ ಅಂದ್ರೆ, ಕೇಳಿದವರಿಗೆ ಹೇಗಪ್ಪಾ ನೆನಪಿರುತ್ತೆ?"

ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ನಾನೂ ಮತ್ತೆ ಕೇಳಲಿಲ್ಲ. ಆ ಕುರ್ಚಿಗಳಲ್ಲಿ ಕುಳಿತಿದ್ದವರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ, ಅವರ ಮಕ್ಕಳು ಇದ್ದಾರೆ. ಅವರು ಓದಲೆಂದು ಬರೆಯುತ್ತಿದ್ದೇನೆ. ಹೊಳೆನರಸೀಪುರದ ಸೀತಾಲಕ್ಷ್ಮಿ ಟೀಚರ ದನಿ ಆ ಎರಡು ವರ್ಷ ಕೆಟ್ಟಿರಲಿಲ್ಲ, ಯಾರೂ ಅದನ್ನು ರಿಪೇರಿ ಮಾಡಲೂ ಇಲ್ಲ. ಎಡಗಡೆಯ ಪೆಟ್ಟಿಗೆಯ ತಂತಿಯನ್ನು ಹಿಂದುಮುಂದಾಗಿ ಬೆಸೆದವನು ನಾನು.